ರ‍್ಯಾಮ್ ಮೇಲೆ ಯಾಕೆ ಗೂಬೆ?

ಕಾದಂಬರಿಗೆ ವಿಮರ್ಶೆ ಇದೆ, ಸಿನಿಮಾಗೆ ಇದೆ, ಮೊಬೈಲಿಗಂತೂ ದಿನಕ್ಕೆ ಹತ್ತು ಇದೆ. ಮದರ್‌ಬೋರ್ಡ್ ಡಬ್ಬದಲ್ಲಿ ಬರೋ ಮ್ಯಾನುಯಲ್ಲಿಗೆ ಮಾತ್ರ ಇಲ್ಲ. ಅದನ್ನ ಯಾರು ಓದ್ತಾರೆ ಅಂತೀರಾ? ಹೊಸ ಪಾರ್ಟ್ ಹಾಕಿದ ರಾತ್ರಿ, ಫ್ಯಾನ್ ತಿರುಗ್ತಿದೆ ಆದರೆ ಸ್ಕ್ರೀನ್ ಕಪ್ಪು ಅನ್ನೋ ಹೊತ್ತಲ್ಲಿ, ಅದನ್ನು ಓದುವಷ್ಟು ಭಕ್ತಿಯಿಂದ ನಾವು ಬೇರೇನನ್ನೂ ಓದಲ್ಲ.

ಈಗಿನ ಬಹಳಷ್ಟು ಬೋರ್ಡುಗಳ ಅಂಚಲ್ಲಿ ನಾಲ್ಕು ಪುಟ್ಟ ದೀಪ ಇರ್ತವೆ: ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್. ಯಂತ್ರ ಯಾವ ಹಂತದಲ್ಲಿ ನಿಂತಿತೋ ಆ ದೀಪ ಉರೀತಾ ಇರುತ್ತೆ. ಮ್ಯಾನುಯಲ್ ಕೊಡೋ ವಿವರಣೆ ಸಾಮಾನ್ಯವಾಗಿ ಒಂದೇ ಸಾಲು: ಆ ಭಾಗ ಪತ್ತೆಯಾಗಿಲ್ಲ ಅಥವಾ ಕೆಟ್ಟಿದೆ. ಇದೇ ನನ್ನ ತಕರಾರು. ಕೂಲರ್ ಸ್ಕ್ರೂ ಅತಿಯಾಗಿ ಬಿಗಿದರೂ, ಸಾಕೆಟ್ಟಿನ ಒಂದು ಪಿನ್ ಬಾಗಿದರೂ, ಬಯಾಸ್ ಹಳೆಯದಾದರೂ ಡಿರ‍್ಯಾಮ್ ದೀಪ ಉರಿಯಬಹುದು. ಡಿಡಿಆರ್5 ಬೋರ್ಡುಗಳಲ್ಲಿ ಏನೂ ಕೆಡದೆಯೂ ಉರಿಯಬಹುದು. ಹೊಸ ರ‍್ಯಾಮ್‌ಗೆ ಹೊಂದಿಕೊಳ್ಳೋಕೆ ಮೊದಲ ಸಲ ಕೆಲವು ನಿಮಿಷ ಬೇಕಾಗುತ್ತೆ. ದೀಪ ಹೇಳೋದು ಎಲ್ಲಿ ನಿಂತಿತು ಅಂತ. ನಾವು ಓದಿಕೊಳ್ಳೋದು ಯಾರ ತಪ್ಪು ಅಂತ.

ನಮ್ಮೂರು ಸೊರಬ ತಾಲೂಕಿನ ಕ್ಯಾಸನೂರು. ಈ ಗೊಂದಲ ನಮಗೆ ಹೊಸದಲ್ಲ. 1957ರಲ್ಲಿ ಇಲ್ಲಿನ ಕಾಡಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಸುತ್ತಲ ಹಳ್ಳಿಗಳ ಜನಕ್ಕೆ ಜ್ವರ ಬಂತು. ಹಳದಿ ಜ್ವರ ಇರಬಹುದು ಅನ್ನೋ ಅನುಮಾನ ಮೊದಲು ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಅನುಮಾನಕ್ಕೇ ನಿಲ್ಲಲಿಲ್ಲ. ಸತ್ತ ಮಂಗಗಳಿಂದ ವೈರಸ್ ಬೇರ್ಪಡಿಸಿದರು. ಅದು ಬೇರೆಯೇ ಆಗಿತ್ತು, ಹರಡ್ತಿದ್ದದ್ದು ಉಣುಗು. ಜನರ ಬಾಯಲ್ಲಿ ಮಾತ್ರ ಇವತ್ತಿಗೂ ಅದು ಮಂಗನ ಕಾಯಿಲೆ. ಪಾಪ, ಮಂಗ ಅಪರಾಧಿ ಅಲ್ಲ, ಮೊದಲು ಸತ್ತು ಸುಳಿವು ಕೊಟ್ಟ ಪ್ರಾಣಿ. ಡಿರ‍್ಯಾಮ್ ದೀಪದ ಕಥೆಯೂ ಹೀಗೇ.

ಹೋದ ವರ್ಷ ಊರಲ್ಲಿರೋ ತಮ್ಮ ತನ್ನ ಡೆಸ್ಕ್‌ಟಾಪಿಗೆ ಹೊಸ ಪ್ರೊಸೆಸರ್, ಹೊಸ ರ‍್ಯಾಮ್ ಒಟ್ಟಿಗೇ ಹಾಕಿದ. ಡಿರ‍್ಯಾಮ್ ದೀಪ ಉರೀತು. ಅಂಗಡಿಯವರು ಫೋನಲ್ಲೇ ತೀರ್ಪು ಕೊಟ್ಟರು: ರ‍್ಯಾಮ್ ಹೋಗಿದೆ, ಬೇರೆ ತಗೊಳ್ಳಿ. ಮ್ಯಾನುಯಲ್ಲಿನ ಸಲಹೆಯೂ ಇದೇ ಜಾತಿಯದು: ಬೇರೆ ಪಾರ್ಟ್ ಹಾಕಿ ನೋಡಿ, ಡೀಲರನ್ನು ಸಂಪರ್ಕಿಸಿ. ಬೆಂಗಳೂರಲ್ಲಿ ಕೂತೋರಿಗೆ ಎಸ್‌.ಪಿ. ರೋಡ್ ಮೆಟ್ರೋ ದೂರದಲ್ಲಿದೆ. ಕ್ಯಾಸನೂರಿಂದ ಅದು ಒಂದು ರಾತ್ರಿ ಬಸ್ಸಿನ ದೂರ. ಮನೇಲಿ ಇನ್ನೊಂದು ರ‍್ಯಾಮ್ ಇರೋರಿಗಾಗಿ ಬರೆದ ಸಲಹೆ ಕಣ್ರೀ ಇದು.

ಆದರೆ ಅಪ್‌ಗ್ರೇಡ್ ಮಾಡಿದವರ ಹತ್ರ ಒಂದು ಆಸ್ತಿ ಇದ್ದೇ ಇರುತ್ತೆ: ನಿನ್ನೆ ತನಕ ಓಡ್ತಿದ್ದ ಹಳೇ ಪಾರ್ಟ್. ಮೊದಲು ಪ್ಲಗ್ ಕಿತ್ತು, ಪ್ರೊಸೆಸರಿನ ಎಂಟು ಪಿನ್ನಿನ ಕೇಬಲ್ ಕೂತಿದೆಯಾ ನೋಡಿ. ಆಮೇಲೆ ಹಳೇದನ್ನೆಲ್ಲ ವಾಪಸ್ ಹಾಕಿ, ಹೊಸದನ್ನು ಒಂದೊಂದಾಗಿ ಸೇರಿಸಿ. ತಮ್ಮ ಹಳೇ ಪ್ರೊಸೆಸರ್ ಜೊತೆ ಹೊಸ ರ‍್ಯಾಮ್ ಹಾಕಿದ, ಯಂತ್ರ ಎದ್ದಿತು. ರ‍್ಯಾಮ್ ನಿರಪರಾಧಿ! ಬಯಾಸ್ ಹಳೆಯದಿತ್ತು; ಪೆನ್‌ಡ್ರೈವಿಂದ ಹೊಸದು ಹಾಕಿದ ಮೇಲೆ ಹೊಸ ಪ್ರೊಸೆಸರೂ ಓಡಿತು. ಒಂದು ರೂಪಾಯಿ ಖರ್ಚಿಲ್ಲ. ಬಯಾಸ್ ಬದಲಾಗುವಾಗ ಕರೆಂಟ್ ಹೋಗಬಾರದು ಅಂತ ಮ್ಯಾನುಯಲ್ ಎಚ್ಚರಿಸುತ್ತೆ, ನಿಜ. ಮಲೆನಾಡಿನ ಮಳೆಗಾಲಕ್ಕೆ ಅದನ್ನು ಹೇಳೋರು ಯಾರು? ಯುಪಿಎಸ್ ಎರವಲು ತಂದಿದ್ದ.

ಕಂಪನಿಗಳಿಗೆ ಇದು ಗೊತ್ತಿಲ್ಲ ಅಂತಲ್ಲ. ಹೊಸ ಪ್ರೊಸೆಸರನ್ನು ಗುರುತಿಸದ ಹಳೇ ಬೋರ್ಡುಗಳಿಗಾಗಿ ಎಎಂಡಿ ‘ಬೂಟ್ ಕಿಟ್’ ಹೆಸರಲ್ಲಿ ಪ್ರೊಸೆಸರನ್ನೇ ಎರವಲು ಕೊಟ್ಟಿದ್ದುಂಟು. ಈಗ ಹಲವು ಬೋರ್ಡುಗಳಲ್ಲಿ ಪ್ರೊಸೆಸರ್ ಇಲ್ಲದೆಯೇ ಬಯಾಸ್ ಬದಲಿಸೋ ಗುಂಡಿ ಇದೆ. ಇದು ಒಳ್ಳೇ ಎಂಜಿನಿಯರಿಂಗ್, ಒಪ್ಪೋಣ. ಬರವಣಿಗೆ ಮಾತ್ರ ಹಿಂದುಳಿದಿದೆ. ಎಷ್ಟೋ ಭಾಷೆಗಳಲ್ಲಿ ಅಚ್ಚಾಗೋ ಆ ಪುಸ್ತಿಕೆಗಳಲ್ಲಿ ನಾನು ಕನ್ನಡ ನೋಡಿಲ್ಲ. ಕನ್ನಡ ಬರೋ ತನಕ ಯಾವ ಭಾಷೆಯಲ್ಲಾದರೂ ಸರಿ, ಮೊದಲ ಪುಟದಲ್ಲಿ ಒಂದು ಪ್ರಶ್ನೆ ಹಾಕಲಿ: ಕೊನೆಯ ಸಲ ಓಡಿದಾಗ ಒಳಗೆ ಏನಿತ್ತು? ಯಾವ ಪಾರ್ಟ್ ಕೊಳ್ಳಬೇಕು ಅನ್ನೋದು ಅದಾದ ಮೇಲಿನ ಮಾತು.