ಹಿಮದ ದಿನದ ಹದ

ಪಾಕದ ಹದವನ್ನು ಬಲ್ಲ ಗೃಹಿಣಿ ಒಲೆಯ ಮುಂದೆಯೇ ನಿಂತು ಎಳೆಯನ್ನು ನೋಡುತ್ತಾಳೆ. ಬಿತ್ತನೆಯ ಹದವನ್ನು ಬಲ್ಲ ಒಕ್ಕಲಿಗನು ಹೊಲದ ಮಣ್ಣನ್ನೇ ಮುಷ್ಟಿಯಲ್ಲಿ ಹಿಡಿದು ತಿಳಿಯುತ್ತಾನೆಯೇ ಹೊರತು ಮನೆಯ ಜಗಲಿಯಲ್ಲಿ ಕುಳಿತು ನಿಶ್ಚಯಿಸುವುದಿಲ್ಲ. ಹಿಮವನ್ನು ತೂರುವ ಸ್ನೋಬ್ಲೋವರ್ ಯಂತ್ರದ ಕಾರ್ಬ್ಯುರೇಟರಿಗೂ ಇಂತಹುದೇ ಒಂದು ಹದವುಂಟು. ಆ ಯಂತ್ರ ಯಾವ ಚಳಿಯಲ್ಲಿ ದುಡಿಯಬೇಕೋ ಆ ಚಳಿಯಲ್ಲಿಯೇ ಅದನ್ನು ಹಿಡಿಯಬೇಕೆಂಬುದು, ಅಮೆರಿಕದ ಮಿನೆಸೋಟ ರಾಜ್ಯದಲ್ಲಿ ಹಲವು ಚಳಿಗಾಲಗಳನ್ನು ಕಳೆದ ನನ್ನ ದೃಢವಾದ ನಂಬಿಕೆ.

ಆ ಸೀಮೆಯಲ್ಲಿ ಹಿಮವೆಂಬುದು ಒಂದೇ ಬಗೆಯದಲ್ಲ. 1991ರ ಅಕ್ಟೋಬರ್ 31ರಂದು ಆರಂಭವಾಗಿ ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್ ಅವಳಿ ನಗರಗಳ ಮೇಲೆ 28 ಅಂಗುಲಕ್ಕೂ ಮಿಗಿಲಾಗಿ ಸುರಿದ ಹಿಮವನ್ನು ಅಲ್ಲಿಯ ಹಿರಿಯರು ಇಂದಿಗೂ ನೆನೆಯುತ್ತಾರೆ. ಋತುವಿನ ಆದಿಯ ಹಿಮ ಬಹುಮಟ್ಟಿಗೆ ನೀರು ತುಂಬಿ ಭಾರವಾಗಿರುತ್ತದೆ, ಗಾಳಿಯ ಉಷ್ಣತೆ ಶೂನ್ಯದ ಆಸುಪಾಸಿನಲ್ಲಿರುತ್ತದೆ. ಜನವರಿಯ ಹಿಮವಾದರೋ ಹಿಟ್ಟಿನಂತೆ ಹಗುರ. ಆದರೆ ಉಷ್ಣತೆ ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿಳಿಯುವುದು ಅಪರೂಪವಲ್ಲ. ಎರಡನ್ನೂ ತೂರಬೇಕಾದ ಎಂಜಿನು ಒಂದೇ.

ಕಾರ್ಬ್ಯುರೇಟರಿನ ಕಿರಿದಾದ ಕಂಠದಲ್ಲಿ ಗಾಳಿ ವೇಗದಿಂದ ಹಾಯುವಾಗ ಅಲ್ಲಿಯ ಒತ್ತಡ ಕುಗ್ಗಿ, ಕೆಳಗಿನ ಬಟ್ಟಲಿನ ಪೆಟ್ರೋಲು ಜೆಟ್ಟೆಂಬ ಸೂಕ್ಷ್ಮರಂಧ್ರದ ಮೂಲಕ ಮೇಲೇರಿ ತುಂತುರಾಗಿ ಬೆರೆಯುತ್ತದೆ. ಒಂದು ಪಾಲು ಪೆಟ್ರೋಲು ಪೂರ್ಣವಾಗಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು. 20 ಡಿಗ್ರಿ ಸೆಲ್ಸಿಯಸ್ಸಿನ ಹಿತವಾದ ದಿನದ ಗಾಳಿಗಿಂತ, ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿನ ಗಾಳಿ ಸುಮಾರು ಶೇಕಡ 16ರಷ್ಟು ಸಾಂದ್ರ. ಕಂಠದ ಸೆಳೆತವೂ ಅದರೊಡನೆ ಹೆಚ್ಚುವುದಾದರೂ ಪೆಟ್ರೋಲಿನ ಹರಿವು ಶೇಕಡ 8ರಷ್ಟು ಮಾತ್ರ ಏರುತ್ತದೆ. ಮೇಲಾಗಿ ಚಳಿಯಲ್ಲಿ ಪೆಟ್ರೋಲು ಆವಿಯಾಗಲೊಲ್ಲದೆ ಹನಿಗಟ್ಟಿ ಕೊಳವೆಯ ಗೋಡೆಗೆ ಅಂಟುತ್ತದೆ. ಹೀಗೆ ಅಕ್ಟೋಬರಿನಲ್ಲಿ ಸರಿಯಾಗಿದ್ದ ಮಿಶ್ರಣ ಜನವರಿಯಲ್ಲಿ ತೆಳುವಾಗಿ, ಮೆಕ್ಯಾನಿಕರ ಮಾತಿನಲ್ಲಿ 'ಲೀನ್' ಆಗಿ, ಎಂಜಿನು ಏರುತ್ತ ಇಳಿಯುತ್ತ ಏದುಸಿರು ಬಿಡತೊಡಗುತ್ತದೆ.

ಆದರೆ ಈ ಏದುಸಿರಿಗೆಲ್ಲ ಮಿಶ್ರಣವನ್ನು ಹೊಂದಿಸುವ ತಿರುಪೇ ಕಾರಣವೆಂದು ಭಾವಿಸಲಾಗದು. ಬೇಸಗೆಯಿಡೀ ಉಳಿದ ಪೆಟ್ರೋಲು ಅಂಟಾಗಿ ಜೆಟ್ಟನ್ನು ಕಟ್ಟಿದ್ದರೆ ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ. ಬಟ್ಟಲನ್ನು ಬಿಚ್ಚಿ ತೊಳೆದು, ಚಳಿಗಾಲಕ್ಕೆಂದೇ ಮಾರುವ, ಬೇಗನೆ ಆವಿಯಾಗುವ ಹೊಸ ಪೆಟ್ರೋಲನ್ನು ತುಂಬಿದ ಮೇಲೆಯೇ ಮುಂದಿನ ಮಾತು.

ನನ್ನಲ್ಲಿರುವುದು ಟೆಕಮ್ಸೆ ಕಂಪನಿಯ ಹಳೆಯ ಸ್ನೋ ಕಿಂಗ್ ಎಂಜಿನು. ಬಟ್ಟಲಿನ ತಳದಲ್ಲಿ ಮುಖ್ಯ ಜೆಟ್ಟಿನ ತಿರುಪು, ಪಕ್ಕದಲ್ಲಿ ಮಂದಗತಿಯ ತಿರುಪು. ಸಣ್ಣ ಎಂಜಿನುಗಳ ಹೊಗೆಗೂ ಅಮೆರಿಕದಲ್ಲಿ ಕಟ್ಟಳೆ ಬಂದ ಮೇಲೆ ತಯಾರಾದ ಯಂತ್ರಗಳಲ್ಲಿ ಈ ತಿರುಪುಗಳು ಸಾಮಾನ್ಯವಾಗಿ ಇಲ್ಲ. ಇರುವ ಯಂತ್ರವನ್ನು ಜೋಪಾನ ಮಾಡಬೇಕು. ಮುಖ್ಯ ತಿರುಪನ್ನು ಬೆರಳತುದಿಯಿಂದ ಬಲಕ್ಕೆ ತಿರುಗಿಸಿ, ತಳ ಮುಟ್ಟಿತೆನ್ನುವಾಗಲೇ ನಿಲ್ಲಿಸಬೇಕು. ಮೊದಲ ವರ್ಷ ನಾನು ಬಲ ಹಾಕಿ ಬಿಗಿದು, ತಿರುಪಿನ ತುದಿಯ ಸೂಜಿಯ ಮೊನೆಯ ಸುತ್ತ ಉಂಗುರದಂತಹ ತಗ್ಗನ್ನು ಮೂಡಿಸಿದೆ. ಆ ಸೂಜಿ ಮತ್ತೆ ಹದಕ್ಕೆ ಒಗ್ಗಲಿಲ್ಲ, ಬೇರೆಯದನ್ನೇ ಹಾಕಬೇಕಾಯಿತು. ತಳದಿಂದ ಎಡಕ್ಕೆ ಒಂದೂವರೆ ಸುತ್ತು, ಮಂದಗತಿಯದಕ್ಕೆ ಒಂದು ಸುತ್ತು: ಇದು ಆರಂಭ.

ಇನ್ನು ಯಂತ್ರವನ್ನು ಬಯಲಿಗೆ ತರಬೇಕು. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನು ಓಡಿಸಿದರೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡು ಪ್ರಾಣಕ್ಕೇ ಎರವಾದೀತು. ಕಾರ್ಬ್ಯುರೇಟರಿನ ಮೇಲಿನ ತಗಡಿನ ಹೊದಿಕೆಯನ್ನು ತೆಗೆದಿದ್ದರೆ ಮರಳಿ ಕೂರಿಸಬೇಕು. ಹಿಮದ ಪುಡಿ ಹೆಪ್ಪುಗಟ್ಟೀತೆಂದು ಈ ಎಂಜಿನುಗಳಿಗೆ ಗಾಳಿಯ ಫಿಲ್ಟರನ್ನೇ ಇಟ್ಟಿಲ್ಲ. ಬದಲಾಗಿ ಈ ಹೊದಿಕೆ ಸೈಲೆನ್ಸರಿನ ಬಳಿಯ ಬೆಚ್ಚನೆಯ ಗಾಳಿಯನ್ನು ಕಂಠಕ್ಕೆ ಒದಗಿಸಿ, ಒಳಗೆ ಮಂಜುಗಡ್ಡೆ ಕಟ್ಟದಂತೆ ಕಾಯುತ್ತದೆ. ಹೊದಿಕೆಯಿಲ್ಲದೆ ಹಿಡಿದ ಹದ, ಹೊದಿಕೆಯಿರುವ ಯಂತ್ರದ್ದಲ್ಲ.

ಹಿಮ ಕೊರೆಯುವ ಸುರುಳಿಯನ್ನು ಬಿಡಿಸಿಟ್ಟು, ಎಂಜಿನನ್ನು ಹತ್ತು ನಿಮಿಷ ಕಾಯಿಸಿ, ಚೋಕನ್ನು ಪೂರ್ತಿ ತೆರೆದು, ವೇಗವನ್ನು ಕೊನೆಯವರೆಗೆ ಏರಿಸಬೇಕು. ಈಗ ತಿರುಪನ್ನು ಬಲಕ್ಕೆ ಅರೆಕಾಲು ಸುತ್ತು ತಿರುಗಿಸಿ, ಕೈ ಬಿಟ್ಟು, ಕೆಲವು ಕ್ಷಣ ಕಿವಿಗೊಟ್ಟು ಕಾಯಬೇಕು. ಮಿಶ್ರಣದ ಬದಲಾವಣೆ ಒಡನೆಯೇ ದನಿಗೆ ಬರುವುದಿಲ್ಲ. ಮತ್ತೆ ಅರೆಕಾಲು. ದನಿ ಒಣಗಿ, ತಡವರಿಸುವ ಎಡೆಯನ್ನು ಗುರುತಿಟ್ಟುಕೊಂಡು, ಎಡಕ್ಕೆ ಅದೇ ಕ್ರಮದಲ್ಲಿ ಮರಳಿದರೆ ದನಿ ದುಂಡಗಾಗಿ ತುಂಬಿಕೊಳ್ಳುತ್ತದೆ. ಇನ್ನೂ ಮುಂದುವರಿದರೆ ಗಂಟಲು ಕಟ್ಟಿದಂತಾಗಿ ಕಪ್ಪು ಹೊಗೆ ಕಾಣುತ್ತದೆ. ಎರಡು ಮೇರೆಗಳ ನಡುವಣ ತಾಣವೇ ಬೇಸಗೆಯ ಯಂತ್ರಕ್ಕೆ ಸಾಕು. ಹಿಮದ ಯಂತ್ರಕ್ಕೆ ಅಲ್ಲಿಂದ ಎಡಕ್ಕೆ ಇನ್ನೊಂದು ಅರೆಕಾಲು ಸುತ್ತನ್ನು ನಾನು ಕೊಡುತ್ತೇನೆ.

ನಿಜವಾದ ಪರೀಕ್ಷೆ ಹಿಮದ ರಾಶಿಯ ಮುಂದೆ. ಸುರುಳಿ ಹಿಮವನ್ನು ಕಚ್ಚಿದಾಗ ದನಿ ಕಿಂಚಿತ್ತು ಕುಸಿದು ತಕ್ಷಣ ಎದ್ದು ನಿಂತರೆ ಹದ ಸರಿ. ಕೆಮ್ಮಿ ನಿಂತರೆ ಇನ್ನೂ ತುಸು ಎಡಕ್ಕೆ ಬೇಕು. ಅರ್ಧ ಗಂಟೆಯ ದುಡಿಮೆಯಾದ ಬಳಿಕ ಎಂಜಿನು ಆರಿದ ಮೇಲೆ ಪ್ಲಗ್ಗನ್ನು ಬಿಚ್ಚಿ ನೋಡಿದರೆ, ಅದರ ಮೊನೆ ಹಾಲು ಬೆರೆಸಿದ ಕಾಫಿಯ ಬಣ್ಣದ್ದಾಗಿರಬೇಕು. ಬಿಳಿಯಾಗಿದ್ದರೆ ಪೆಟ್ರೋಲು ಸಾಲದು, ಮಸಿ ಹಿಡಿದಿದ್ದರೆ ಮಿತಿಮೀರಿದೆ.

ಸುತ್ತುಗಳ ಲೆಕ್ಕವನ್ನೂ ಆ ದಿನದ ಉಷ್ಣತೆಯನ್ನೂ ಹೊದಿಕೆಯ ಒಳಮೈಯಲ್ಲಿ ಸೀಸದಕಡ್ಡಿಯಿಂದ ಬರೆದಿಡುವುದು ನನ್ನ ವಾಡಿಕೆ. ಅಲ್ಲಿ ಈಗ ಒಂದರ ಕೆಳಗೊಂದು ಹಲವು ಸಾಲುಗಳಿವೆ, ಒಂದು ಮತ್ತೊಂದರಂತಿಲ್ಲ. ಮಾರ್ಚಿನಲ್ಲಿ ಸೂರಿನಿಂದ ನೀರು ತೊಟ್ಟಿಕ್ಕತೊಡಗಿದಾಗ ತಿರುಪನ್ನು ಅರೆಕಾಲು ಸುತ್ತು ಬಲಕ್ಕೆ ಮರಳಿಸಿ, ಆ ದಿನದ ಸಾಲನ್ನೂ ಬರೆಯುತ್ತೇನೆ.