ಕಪ್ ತಂದಿದ್ದು ಬೌಲರ್‌ಗಳು ಸ್ವಾಮಿ!

ಆರ್‌ಸಿಬಿ ಪ್ಲೇಆಫ್‌ಗೆ ಬಂದಾಗೆಲ್ಲ ನಾವು ಕೇಳೋದು ಒಂದೇ: ‘ಇವತ್ತು ಕೊಹ್ಲಿ ಎಷ್ಟು ಹೊಡೀತಾನೆ?’ 2016ರಲ್ಲಿ ಅವನು ಹೊಡೆದದ್ದು 973 ರನ್. ಆದರೂ ಚಿನ್ನಸ್ವಾಮಿಯಲ್ಲೇ ನಡೆದ ಫೈನಲ್‌ನಲ್ಲಿ ಹೈದರಾಬಾದ್‌ಗೆ 208 ಬಿಟ್ಟುಕೊಟ್ಟು 8 ರನ್ನಿಂದ ಸೋತ್ವಿ. ವಾಟ್ಸನ್ ಒಬ್ಬನೇ ಕೊಟ್ಟಿದ್ದು 61. ನಾವು ಮಾತ್ರ ಹಣೆಬರಹ ಅಂದ್ಕೊಂಡ್ವಿ.

2025 ನೋಡಿ. ಮೊದಲ ಕ್ವಾಲಿಫೈಯರ್‌ನಲ್ಲಿ ಹೇಜಲ್‌ವುಡ್, ಸುಯಶ್ ತಲಾ ಮೂರು ವಿಕೆಟ್ ಕಿತ್ತರು; ಪಂಜಾಬ್ 101ಕ್ಕೆ ಗಂಟುಮೂಟೆ ಕಟ್ಟಿತು. ಫೈನಲ್‌ನಲ್ಲಿ ನಮ್ಮದು ಬರೀ 190. ಕೃಣಾಲ್ ನಾಲ್ಕು ಓವರ್‌ಗೆ 17 ರನ್ ಕೊಟ್ಟು ಎರಡು ವಿಕೆಟ್ ತೆಗೆದ, 6 ರನ್ನಿಂದ ಕಪ್ ನಮ್ದಾಯ್ತು.

ಕೊಹ್ಲಿ ಮೇಲೆ ಪ್ರೀತಿ ನನಗೂ ಇದೆ. ಆದ್ರೆ ಮುಂದಿನ ಹರಾಜಿನಲ್ಲಿ ಬೌಲರ್ ಮೇಲೆ ಕೋಟಿ ಸುರಿದರೆ ದಯವಿಟ್ಟು ಗೊಣಗಬೇಡಿ.