ಬ್ರ್ಯಾಕೆಟ್ ಇರಲಿ ಬಿಡಿ

ಲಿಸ್ಪ್ ಅಂದ ಕೂಡಲೇ ಎಲ್ಲರೂ ದೂರೋದು ಬ್ರ್ಯಾಕೆಟ್‌ಗಳನ್ನ. ಅವನ್ನು ತೆಗೆದು, ಪೈಥಾನ್ ಥರ ಸಾಲಿನ ಮುಂದಿನ ಖಾಲಿ ಜಾಗದಿಂದಲೇ ಒಳಗು-ಹೊರಗು ತಿಳಿಸುವ ಪ್ರಯತ್ನಗಳು ಆಗಿವೆ. ಲಿಸ್ಪ್ ಕುಟುಂಬದ ಸ್ಕೀಮ್ ಭಾಷೆಗೆ 2013ರಲ್ಲಿ ಸ್ವೀಟ್-ಎಕ್ಸ್‌ಪ್ರೆಶನ್ ಬಂತು, 2015ರಲ್ಲಿ ವಿಸ್ಪ್.

ವಿಸ್ಪ್ ನೋಡೋಕೆ ಚೆಂದ. 2 ಮತ್ತು 3ನ್ನು ಕೂಡಿ 4ರಿಂದ ಗುಣಿಸೋಕೆ ಇಷ್ಟು ಸಾಕು:

* 4
  + 2 3

ಉತ್ತರ 20. ಅದರ ಪರವಾದ ವಾದವೂ ಗಟ್ಟಿ: ಬ್ರ್ಯಾಕೆಟ್ ಎಣಿಸುತ್ತಾ ಯಾರೂ ಓದಲ್ಲ, ಸಾಲು ಎಷ್ಟು ಒಳಗಿದೆ ಅಂತ ಕಣ್ಣೇ ಹೇಳತ್ತೆ.

ಆದರೆ ಬೆಂಗಳೂರಲ್ಲಿ ಕೂತು ಸಿಂಧನೂರಿನ ತಂಗಿಗೆ ನಾನು ಕೋಡ್ ಕಳಿಸೋದು ಮೊಬೈಲ್ ಮೆಸೇಜಲ್ಲಿ. ಕಾಪಿ-ಪೇಸ್ಟ್ ಆಗುವಾಗ ಆ ಎರಡು ಖಾಲಿ ಜಾಗ ಉದುರಿದರೆ, ಒಂದು ಲೆಕ್ಕ ಎರಡಾಗತ್ತೆ: 4, ಆಮೇಲೆ 5. ಕಂಪ್ಯೂಟರ್ ತಪ್ಪು ಅನ್ನೋದೂ ಇಲ್ಲ. "ಅಣ್ಣ, ಐದು ಬಂತು ನೋಡು, ನಂದೇ ತಪ್ಪೈತೇನು?" ಅಂತ ಕೇಳ್ತಾಳೆ. ಹೊಸಬರು ಮೊದಲು ಅನುಮಾನಿಸೋದು ತಮ್ಮ ಬುದ್ಧಿಯನ್ನೇ.

(* 4 (+ 2 3)) ಅಂತ ಬರೆದರೆ, ಸಾಲು ಎಲ್ಲಿ ಮುರಿದರೂ 20. ಅವಳದನ್ನ ಲಿಂಗಸುಗೂರಿನ ಗೆಳತಿಗೆ ದಾಟಿಸಿದರೂ 20.

ನಡುದಾರಿಯ ಮಸ್ಕಿಯಲ್ಲಿ ಅಶೋಕನ ಶಾಸನ ಬಂಡೆ ಮೇಲಿದೆ. ಓದೋರೇ ಅಲ್ಲಿಗೆ ಹೋಗಬೇಕು. ಕೋಡ್ ಮಾತ್ರ ತಾನೇ ಊರೂರು ತಿರುಗತ್ತೆ. ಸಾಲು ಒಳಸರಿಸೋ ಕೆಲಸ ಎಡಿಟರ್ ಮಾಡಲಿ, ಅರ್ಥ ಹೊರೋ ಕೆಲಸ ಬ್ರ್ಯಾಕೆಟ್‌ಗೇ ಇರಲಿ.